ಚಾಕಿ ಮನೆಯ ಗಾಳಿ ಪೆಟ್ಟಿಗೆ

ಪ್ರಮೋದಾಗೆ ಕೂತಲ್ಲಿ ಕೂರುವ ಅಭ್ಯಾಸವೇ ಇರಲಿಲ್ಲ. ಊಟಕ್ಕೆ ಕೂತರೂ ಒಂದು ಮಂಡಿ ಎತ್ತಿಕೊಂಡೇ ಇರುತ್ತಿದ್ದಳು, ಈಗಲೇ ಎದ್ದು ಹೋಗುವವಳ ಹಾಗೆ. ಅವಳ ಗಂಡ ಆಂಜಿನಪ್ಪ ಊರ ಡೇರಿಯಲ್ಲಿ ಹಾಲು ಅಳೆಯುತ್ತಿದ್ದವನು, ನಿಧಾನದ ಮನುಷ್ಯ. "ಎರಡು ತುತ್ತು ನೆಮ್ಮದಿಯಾಗಿ ಉಣ್ಣು ತಾಯಿ. ನಿನ್ ಹುಳ ಎಲ್ಲೂ ಓಡೋಗಲ್ಲ" ಅನ್ನುತ್ತಿದ್ದ. ಅವನ ಮಾತು ಮುಗಿಯುವಷ್ಟರಲ್ಲಿ ಅವಳು ತಟ್ಟೆ ತೊಳೆದಿಟ್ಟು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿರುತ್ತಿದ್ದಳು.

ಹುಳ ಅಂದರೆ ರೇಷ್ಮೆ ಹುಳ. ಸೂಲಿಬೆಲೆಯಿಂದ ಎರಡು ಮೈಲಿ ದೂರದ ಚಿಕ್ಕಗುಂಟೇನಹಳ್ಳಿಯಲ್ಲಿ ಸೊಣ್ಣಪ್ಪ ಎಂಬುವರು ಚಾಕಿ ಮನೆ ನಡೆಸುತ್ತಿದ್ದರು. ಮೊಟ್ಟೆ ಒಡೆದು ಬಂದ ಹುಳು ಇರುವೆಗಿಂತ ಸಣ್ಣದು. ಅದನ್ನು ಮೊದಲ ಎಂಟು ಹತ್ತು ದಿನ, ಎರಡು ಜ್ವರ ದಾಟುವವರೆಗೆ ಸಾಕಿ, ಆಮೇಲೆ ಸುತ್ತಲ ರೈತರಿಗೆ ಕೊಡುವುದು ಚಾಕಿ ಮನೆಯ ಕೆಲಸ. ಇಲ್ಲಿ ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿ, ಒಂದು ದಿನ ಅಲ್ಲಾಡದೆ ನಿಂತು ಹಳೆಯ ಚರ್ಮ ಕಳಚುತ್ತದೆ. ಅದನ್ನು ಆ ಕಡೆ ಜ್ವರ ಅನ್ನುತ್ತಾರೆ. ಆ ಹತ್ತು ದಿನ ಕೋಣೆಯ ಬಿಸಿ ಒಂದೇ ಸಮ ಇರಬೇಕು, ಗಾಳಿಯಲ್ಲಿ ಪಸೆ ಇರಬೇಕು. ಸ್ವಲ್ಪ ಆಚೀಚೆ ಆದರೂ ಹುಳು ಸೊರಗುತ್ತದೆ.

ಹನ್ನೊಂದು ವರ್ಷ ಆ ಬಿಸಿಯನ್ನು ಕಾದವಳು ಪ್ರಮೋದಾ. ಚಳಿಗಾಲದಲ್ಲಿ ಇದ್ದಿಲ ಒಲೆ, ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿತಾಟು. ಮೊಣಕೈಯ ಒಳಭಾಗವನ್ನು ಹುಳು ಹರಡಿದ ತಟ್ಟೆಯ ಹತ್ತಿರ ಹಿಡಿದು, "ಇಪ್ಪತ್ತಾರಿದೆ, ಇನ್ನೆರಡು ಏರ್ಬೇಕು" ಅನ್ನುತ್ತಿದ್ದಳು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಕದಿರಮ್ಮ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವಳು, ಗೋಡೆಯ ಥರ್ಮಾಮೀಟರ್ ನೋಡಿ ಬಂದು ನಗುತ್ತಿದ್ದಳು. ಅರ್ಧ ಡಿಗ್ರಿಯೂ ತಪ್ಪುತ್ತಿರಲಿಲ್ಲ. ಈ ಕೆಲಸಕ್ಕೆ ಪ್ರಮೋದಾಳಂಥ ನಿಲ್ಲದ ಮೈಯೇ ಬೇಕಿತ್ತು. ಒಲೆ ಕೆದಕು, ಗೋಣಿ ನೆನೆಸು, ಹಿಪ್ಪುನೇರಳೆ ಸೊಪ್ಪು ಸಣ್ಣಗೆ ಹೆಚ್ಚು, ಮತ್ತೆ ಒಲೆ ನೋಡು. ದಿನ ಕಳೆದದ್ದೇ ಗೊತ್ತಾಗುತ್ತಿರಲಿಲ್ಲ.

ತೊಂಬತ್ತೇಳನೇ ಇಸವಿ, ಯುಗಾದಿ ಕಳೆದ ಮೇಲೆ, ಸೊಣ್ಣಪ್ಪ ಬೆಂಗಳೂರಿನಿಂದ ಒಂದು ಮಿಷನ್ ತರಿಸಿದರು. ಗೋಡೆಗೆ ತಗುಲಿಸುವ ಉದ್ದನೆಯ ಬಿಳಿ ಪೆಟ್ಟಿಗೆ ಒಳಗೆ, ಫ್ಯಾನಿರುವ ಇನ್ನೊಂದು ಪೆಟ್ಟಿಗೆ ಹೊರಗೆ, ನಡುವೆ ಗೋಡೆಯ ತೂತಿನಲ್ಲಿ ಎರಡು ತಾಮ್ರದ ಕೊಳವೆ. ಆ ಹೋಬಳಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಅದನ್ನು ಕೂರಿಸಲು ಬಂದವನು ಹೊಸಕೋಟೆಯ ಮೆಕ್ಯಾನಿಕ್ ಭೀಮರಾಜ್. ಮೂವತ್ತೈದರ ಆಸುಪಾಸು, ಎಣ್ಣೆ ಕಲೆಯ ಖಾಕಿ ಅಂಗಿ, ಬಲಗೈಯ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು.

"ಬೇಸಿಗೇಲಿ ಕೋಣೆ ಬಿಸೀನ ಹೊತ್ಕೊಂಡೋಗಿ ಆಚೆ ಬಿಸಾಕುತ್ತೆ. ಚಳೀಲಿ ಉಲ್ಟಾ, ಆಚೆ ಬಿಸೀನ ಒಳಕ್ಕೆ ತರುತ್ತೆ" ಎಂದು ವಿವರಿಸಿದ.

"ಚಳೀಲಿ ಆಚೆ ಬಿಸಿ ಎಲ್ಲಿರುತ್ತಪ್ಪಾ ತರಕ್ಕೆ?" ಕದಿರಮ್ಮ ಕೇಳಿದಳು.

"ಇರುತ್ತೆ ಕದಿರಮ್ಮಾ. ನಮಗೆ ಗೊತ್ತಾಗಲ್ಲ, ಅದಕ್ಕೆ ಗೊತ್ತಾಗುತ್ತೆ."

ಹೊರಡುವಾಗ ಭೀಮರಾಜ್ ಸೊಣ್ಣಪ್ಪನವರಿಗೆ ಮುಂದಿನ ಮುಚ್ಚಳ ಎತ್ತಿ ಒಳಗಿನ ಜಾಲರಿ ತೋರಿಸಿದ. ಹದಿನೈದು ದಿನಕ್ಕೊಂದು ಸಲ ಇದನ್ನು ಬಿಚ್ಚಿ ತೊಳೆಯಬೇಕು, ನೀರು ಹೋಗುವ ಕೊಳವೆ ಕಟ್ಟದಂತೆ ನೋಡಿಕೊಳ್ಳಬೇಕು, ವರ್ಷಕ್ಕೆರಡು ಸಲ ತನ್ನನ್ನು ಕರೆಸಿ ಒಳಗೆಲ್ಲ ಶುಚಿ ಮಾಡಿಸಬೇಕು ಎಂದ. ಸೊಣ್ಣಪ್ಪ ಎಲ್ಲದಕ್ಕೂ ತಲೆಯಾಡಿಸಿದರು. ಅವನ ಗಾಡಿ ಮರೆಯಾದ ಕೂಡಲೇ ಹೆಂಗಸರ ಕಡೆ ತಿರುಗಿದರು.

"ನೋಡ್ರಮ್ಮಾ, ಯಾರೂ ಅದ್ನ ಮುಟ್ಬಾರ್ದು. ಹೇಳಿದ್ದೀನಿ."

ಯಾರೂ ಮುಟ್ಟಲಿಲ್ಲ. ಸೊಣ್ಣಪ್ಪ ಕೂಡ ಮುಟ್ಟಲಿಲ್ಲ.

ಆ ಬೇಸಿಗೆ ಪ್ರಮೋದಾಗೆ ಕೈಕಾಲು ಕಟ್ಟಿಹಾಕಿದ ಹಾಗಾಯಿತು. ಒಲೆಯಿಲ್ಲ, ಗೋಣಿಯಿಲ್ಲ. ಮಿಷನ್ನಿನ ಗಾಳಿ ಪಸೆ ಹೀರುತ್ತದೆಂದು ನೆಲಕ್ಕೆ ನೀರು ಚಿಮುಕಿಸಿ ತಟ್ಟೆಗಳಿಗೆ ಮೇಣದ ಕಾಗದ ಮುಚ್ಚಿದರೆ ಮುಗಿಯಿತು. ಕದಿರಮ್ಮ ಗೋಡೆಗೊರಗಿ ಎಲೆ ಅಡಿಕೆ ಹಾಕಿಕೊಂಡು ಸುಖವಾಗಿದ್ದಳು. ಪ್ರಮೋದಾ ಒಳಗೊಂದು ಸಲ ಹೋಗಿ ಕೈಯೊಡ್ಡುವಳು, ಹೊರಗೆ ಬಂದು ತಿರುಗುವ ಫ್ಯಾನಿನ ಮುಂದೆ ನಿಲ್ಲುವಳು, ಮತ್ತೆ ಒಳಗೆ. ಪೆಟ್ಟಿಗೆ 'ಟಿಕ್' ಅಂದರೂ ತಿರುಗಿ ನೋಡುವಳು. ಅದು ಏನು ಮಾಡುತ್ತಿದೆ, ಯಾಕೆ ಈಗ ನಿಂತಿತು, ಯಾಕೆ ಮತ್ತೆ ಶುರುವಾಯಿತು, ಒಂದೂ ತಿಳಿಯುತ್ತಿರಲಿಲ್ಲ. ಒಲೆಯಾದರೆ ಕೆಂಡದ ಬಣ್ಣ ನೋಡಿ ಹೇಳಬಹುದಿತ್ತು.

ಮೊದಲ ನಾಲ್ಕು ಬೆಳೆ, ಅಂದರೆ ನಾಲ್ಕು ಸರದಿಯ ಹುಳು, ಚೆನ್ನಾಗಿಯೇ ಬಂದವು. ಸೊಣ್ಣಪ್ಪನವರ ಹುಳು ಎಂದರೆ ದೇವನಹಳ್ಳಿ ಕಡೆಯಿಂದಲೂ ಜನ ಬಂದರು. ಆಗಸ್ಟಿನಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಆ ಬೆಳೆಯಲ್ಲಿ ಮೊದಲ ಜ್ವರಕ್ಕೆ ಕೂತ ಹುಳುಗಳಲ್ಲಿ ಕೆಲವು ಏಳಲೇ ಇಲ್ಲ. ಕಡ್ಡಿಯಂತೆ ಸೆಟೆದುಕೊಂಡು ಬಿದ್ದಿದ್ದವು. ಮಾರನೆಯ ದಿನ ಸತ್ತ ಹುಳುಗಳ ಮೈಮೇಲೆ ಹಸಿರು ಹಳದಿ ಧೂಳಿನಂಥ ಬೂಷ್ಟು. ಪ್ರಮೋದಾ ಅವನ್ನು ಹೆಕ್ಕಿ ಸುಡಲು ಹಾಕಿದಳು. ಉಳಿದವನ್ನು ರೈತರು ತೆಗೆದುಕೊಂಡು ಹೋದರು. ಸೆಪ್ಟೆಂಬರಿನ ಬೆಳೆಯಲ್ಲಿ ಸಾವು ದುಪ್ಪಟ್ಟಾಯಿತು.

ಹುಳು ಒಯ್ದಿದ್ದ ರೈತ ಬೈಲಪ್ಪ ಮೂರನೇ ದಿನವೇ ಪೇಪರಿನಲ್ಲಿ ಒಂದು ಹಿಡಿ ಸತ್ತ ಹುಳು ಕಟ್ಟಿಕೊಂಡು ಬಂದು ಜಗಲಿಯ ಮೇಲೆ ಸುರಿದ.

"ಏನ್ ಸೊಣ್ಣಪ್ಪಾ ಇದು? ಮನೆಮಂದಿಯೆಲ್ಲ ಸೊಪ್ಪು ಕೊಯ್ದು ಕೊಯ್ದು ಸಾಯ್ತಾ ಇದ್ದೀವಿ, ನೀನು ಸತ್ತ ಹುಳ ಕೊಡ್ತೀಯಾ?"

ಸೊಣ್ಣಪ್ಪ ಅವನಿಗೆ ಮುಂದಿನ ಬೆಳೆಯಲ್ಲಿ ಬೇರೆ ಹುಳು ಕೊಡುವುದಾಗಿ ಸಮಾಧಾನ ಹೇಳಿ ಕಳಿಸಿದರು. ಮೊದಲು ಸೊಪ್ಪಿನ ಮೇಲೆ ಅನುಮಾನಪಟ್ಟರು, ತೋಟ ಬದಲಿಸಿದರು. ಆಮೇಲೆ ಮೊಟ್ಟೆಯ ಮೇಲೆ. ಎರಡೂ ಸರಿಯಾಗಿದ್ದವು. ಅದರ ಹಿಂದೆಯೇ ಬಂದ ಬೆಳೆಯಲ್ಲೂ ಹುಳು ಸಾಯತೊಡಗಿದವು. ಒಂದು ಬೆಳಿಗ್ಗೆ ಹೆಂಗಸರು ಸೊಪ್ಪು ಹೆಚ್ಚುತ್ತಾ ಕೂತಿದ್ದಾಗ ಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದರು.

"ಯಾರೋ ಹೊರಗಾದೋರು ಒಳಗೆ ಕಾಲಿಟ್ಟವ್ರೆ. ಇಲ್ದಿದ್ರೆ ಹಿಂಗಾಗಲ್ಲ."

ಚಾಕಿ ಮನೆಯಲ್ಲಿ ಕೆಲಸ ಮಾಡುವ ಹೆಂಗಸರು ಇಬ್ಬರೇ. ಕದಿರಮ್ಮನಿಗೆ ಮುಟ್ಟು ನಿಂತು ಆರು ವರ್ಷವಾಗಿತ್ತು. ಹಾಗಾಗಿ ಹೆಸರು ಹೇಳುವ ಅಗತ್ಯವೇ ಇರಲಿಲ್ಲ.

ಪ್ರಮೋದಾಳ ಕೈಯಲ್ಲಿದ್ದ ಕತ್ತಿ ನಿಂತಿತು. "ಅಣ್ಣಾ, ಹನ್ನೊಂದು ವರ್ಷದಿಂದ ಆ ಮೂರು ದಿನ ನಾನು ಈ ಹೊಸ್ತಿಲು ದಾಟಿಲ್ಲ. ನಿಮಗೂ ಗೊತ್ತು."

"ಗೊತ್ತಮ್ಮಾ. ಆದ್ರೂ ಈ ಬೆಳೆಗೆ ಒಂದಷ್ಟು ದಿನ ಮನೇಲಿರು. ನೋಡಣ."

ಅವಳು ಕತ್ತಿಯನ್ನು ಮಣೆಯ ಮೇಲಿಟ್ಟು ಎದ್ದಳು. ಹೆಚ್ಚಿದ ಸೊಪ್ಪನ್ನು ಕದಿರಮ್ಮನ ಕಡೆ ಸರಿಸಿ ಹೊರಗೆ ನಡೆದಳು.

ಮನೆಯಲ್ಲಿ ಎರಡು ದಿನ ಇದ್ದಳು, ಇದ್ದಳು ಅನ್ನುವುದೂ ಕಷ್ಟ. ತೊಳೆದ ಪಾತ್ರೆ ಮತ್ತೆ ತೊಳೆದಳು. ಅಂಗಳ ಎರಡು ಸಲ ಗುಡಿಸಿದಳು. ಆಂಜಿನಪ್ಪ ಡೇರಿಯಿಂದ ಬಂದು ನೋಡಿದರೆ ಅಟ್ಟದ ಸಾಮಾನೆಲ್ಲ ನೆಲಕ್ಕಿಳಿದಿತ್ತು.

"ಏನ್ ಹುಡುಕ್ತಿದ್ದೀಯೇ?"

"ಏನೂ ಇಲ್ಲ."

"ಅವರು ಏನೋ ಅಂದ್ರು ಅಂತ ನೀನು ಮನೆ ಕಿತ್ತು ಹಾಕ್ತೀಯಾ? ಬೇರೆ ಕಡೆ ಕೆಲಸ ಸಿಗಲ್ವಾ?"

"ಕೆಲಸದ ಮಾತಲ್ಲ" ಅಂದಳು. ಸೊಣ್ಣಪ್ಪ ಹೇಳಿದ ಮಾತು ಬಾವಿಕಟ್ಟೆಗೆ ಆಗಲೇ ತಲುಪಿತ್ತು. ಅವಳು ಬಿಂದಿಗೆ ಹಿಡಿದು ಹೋದರೆ ಅಲ್ಲಿದ್ದವರ ದನಿ ತಗ್ಗುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಚಾಕಿ ಮನೆಯ ಹಿಂದಿನ ಕಿಟಕಿಯ ಹತ್ತಿರ ಹೋಗಿ ಕದಿರಮ್ಮನನ್ನು ಕರೆದಳು.

"ಅಕ್ಕಾ, ಉಳಿದ ಹುಳ ಹೆಂಗವೆ?"

"ಇನ್ನೂ ಸಾಯ್ತಾವೆ ಕಣೇ. ನೀನಿಲ್ದೇನೂ ಸಾಯ್ತಾವೆ. ಅದನ್ನ ಅವಯ್ಯನಿಗೆ ಯಾರು ಹೇಳ್ಬೇಕು?"

"ಯಾವ ತಟ್ಟೇಲಿ ಜಾಸ್ತಿ?"

ಕದಿರಮ್ಮ ಯೋಚಿಸಿದಳು. ಪಡುವಣ ಗೋಡೆಯ ಸ್ಟ್ಯಾಂಡು, ಮೇಲಿನ ಮೂರು ಸಾಲು. ಬಾಗಿಲ ಕಡೆಯ ಸ್ಟ್ಯಾಂಡಿನಲ್ಲಿ ಅಷ್ಟಿಲ್ಲ. ಕೆಳಗಿನ ಸಾಲುಗಳಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಪ್ರಮೋದಾ ಕಿಟಕಿಯ ಸರಳು ಹಿಡಿದು ಒಳಗೆ ನೋಡಿದಳು. ಮಿಷನ್ನಿನ ಬಾಯಿ ನೇರವಾಗಿ ಪಡುವಣ ಸ್ಟ್ಯಾಂಡಿನ ಮೇಲಿನ ಸಾಲುಗಳಿಗೇ ತಿರುಗಿತ್ತು. ತಟ್ಟೆಗಳ ಮೇಣದ ಕಾಗದದ ಅಂಚು ಅಲ್ಲಿ ಮಾತ್ರ ಪಟಪಟ ಅಲ್ಲಾಡುತ್ತಿತ್ತು.

"ಅಕ್ಕಾ, ಆ ಗಾಳಿ ಮೂಸಿ ನೋಡು."

ಕದಿರಮ್ಮ ಸ್ಟೂಲು ಹತ್ತಿ ಮೂಗೊಡ್ಡಿದಳು. "ಥೂ, ನೆನೆದ ಗೋಣಿ ವಾಸನೆ."

ಮಾರನೆಯ ಬೆಳಿಗ್ಗೆ ಪ್ರಮೋದಾ ಬಸ್ಸು ಹತ್ತಿ ಹೊಸಕೋಟೆಗೆ ಹೋದಳು. ಭೀಮರಾಜನ ಅಂಗಡಿಯ ಗುರುತು ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರನ್ನು ಕೇಳಿ, ಒಂದು ಸಲ ದಾರಿ ತಪ್ಪಿ, ಕೊನೆಗೆ ಹಳೆಯ ಫ್ರಿಜ್ಜುಗಳ ಮಧ್ಯೆ ಕೂತಿದ್ದ ಅವನನ್ನು ಕಂಡಳು. ಗುರುತು ಹೇಳಿ, ನೀರು ಕೂಡ ಕುಡಿಯದೆ ಕೇಳಿದಳು.

"ಭೀಮಣ್ಣಾ, ಆ ಮಿಷನ್ ಹೊಟ್ಟೇಲಿ ಏನೇನಿರುತ್ತೆ?"

ಅವನು ಒಂದು ಹಳೆಯ ಪೆಟ್ಟಿಗೆಯನ್ನು ಎಳೆದು ಮುಚ್ಚಳ ತೆಗೆದ. ಮೇಲೆ ಜಾಲರಿ, ಅದರ ಹಿಂದೆ ತೆಳು ತಗಡುಗಳ ಕಾಯಿಲ್, ಕೆಳಗೆ ನೀರು ಬೀಳುವ ತಟ್ಟೆ, ಅದಕ್ಕೆ ಕೊಳವೆ. ಒಳಗೆ ಆಳದಲ್ಲಿ ಉದ್ದನೆಯ ಡ್ರಮ್ಮು, ಅದು ತಿರುಗಿಯೇ ಗಾಳಿ ಬರುವುದು.

"ಜಾಲರಿ ಎಷ್ಟು ಸಲ ತೊಳೆದ್ರಿ?"

"ಮುಟ್ಟಕ್ಕೇ ಬಿಡ್ಲಿಲ್ಲ."

ಭೀಮರಾಜ್ ತಲೆ ಚಚ್ಚಿಕೊಂಡ. "ಅಯ್ಯೋ ಅಕ್ಕಾ, ಬೇರೆಯವರ ಮನೇಲಿ ಬರೀ ಧೂಳು. ನಿಮ್ಮದು ನೀರು ಚಿಮುಕ್ಸಿ ಇಡೀ ದಿನ ಪಸೆ ಇರೋ ಕೋಣೆ. ಜಾಲರಿ ಕಟ್ಟಿ, ತಟ್ಟೇಲಿ ನೀರು ನಿಂತ್ರೆ ಒಳಗೆಲ್ಲ ಬೂಷ್ಟು ಬೆಳೆಯುತ್ತೆ. ಡ್ರಮ್ಮು ಅದನ್ನೇ ಊದುತ್ತೆ."

ಸತ್ತ ಹುಳುವಿನ ಮೇಲಿನ ಹಸಿರು ಧೂಳು ಅವಳ ಕಣ್ಣಮುಂದೆ ಬಂತು. "ಇವತ್ತೇ ಬನ್ನಿ" ಅಂದಳು.

ಗುರುವಾರ ಬರುತ್ತೇನೆ ಎಂದ. ಅಷ್ಟರೊಳಗೆ ಜಾಲರಿ, ಮುಚ್ಚಳ, ತಟ್ಟೆ, ಕೊಳವೆ, ಇಷ್ಟನ್ನು ಅವರೇ ತೊಳೆಯಬಹುದು. ಕಾಯಿಲ್ಲು ಮತ್ತು ಡ್ರಮ್ಮಿನ ಒಳಕ್ಕೆ ಕೈ ಹಾಕಬಾರದು. ತಾಮ್ರದ ಕೊಳವೆಯ ನಟ್ಟು ತಿರುಗಿಸಬಾರದು, ಒಳಗೆ ಒತ್ತಡದ ಗ್ಯಾಸಿದೆ. ಹೊರಗಿನ ಪೆಟ್ಟಿಗೆ ಬಿಚ್ಚಲೇಬಾರದು, ಅದರೊಳಗೆ ಕರೆಂಟು ಹಿಡಿದಿಟ್ಟುಕೊಳ್ಳುವ ಡಬ್ಬಿಯಿದೆ, ಸ್ವಿಚ್ಚು ಆರಿಸಿದ ಮೇಲೂ ಹೊಡೆಯುತ್ತದೆ ಎಂದು ಒಂದೊಂದಾಗಿ ಹೇಳಿದ.

"ಕರೆಂಟು ಹೋದಾಗ ತೊಳೆದ್ರೆ ಆಯ್ತಲ್ವಾ? ನಮ್ಮೂರಲ್ಲಿ ದಿನಾ ನಾಲ್ಕು ಗಂಟೆ ಇರಲ್ಲ."

ಭೀಮರಾಜ್ ತನ್ನ ಬಲಗೈಯನ್ನು ಅವಳ ಮುಂದೆ ಹಿಡಿದ. "ನಾನೂ ಹಂಗೇ ಅನ್ಕೊಂಡಿದ್ದೆ. ಕರೆಂಟು ಹೋಗಿದೆಯಲ್ಲ ಅಂತ ಹೊರಗಿನ ಫ್ಯಾನಿಗೆ ಬೆರಳು ಹಾಕಿದ್ದೆ. ಬಂದ್ಬಿಡ್ತು. ಹೋಗಿರೋದು ಬೇರೆ, ನಾವು ತೆಗೆದಿರೋದು ಬೇರೆ ಅಕ್ಕಾ. ಮೇನ್ ಇಳಿಸು, ಬಿಳೀ ಪಿಂಗಾಣಿ ಫ್ಯೂಸು ಕಿತ್ತು ನಿನ್ ಹತ್ರ ಇಟ್ಕೋ. ಯಾರ ಕೈಗೂ ಕೊಡ್ಬೇಡ. ಕೆಲಸ ಮುಗಿಯೋವರ್ಗೂ ನಿನ್ ಮೈಮೇಲೇ ಇರ್ಬೇಕು."

ಗುರುವಾರ ಅವಳು ರಸ್ತೆಯ ಹುಣಸೆ ಮರದ ಕೆಳಗೆ ನಿಂತಳು. ಹತ್ತೂವರೆಯ ಬಸ್ಸು ಬಂತು, ಹನ್ನೆರಡರದು ಬಂತು, ಎರಡರದೂ ಬಂದು ಹೋಯಿತು. ಭೀಮರಾಜ್ ಬರಲಿಲ್ಲ. ದೇವನಹಳ್ಳಿಯ ಯಾವುದೋ ಹೋಟೆಲಿನ ಕೆಲಸಕ್ಕೆ ಸಿಕ್ಕಿಹಾಕಿಕೊಂಡಿದ್ದನೆಂದು ಆಮೇಲೆ ತಿಳಿಯಿತು. ಪಕ್ಕದ ಸಣ್ಣ ಕೋಣೆಯಲ್ಲಿ ಹೊಸ ಬೆಳೆಯ ಮೊಟ್ಟೆಗಳಿದ್ದವು, ಒಡೆಯಲು ಇನ್ನು ನಾಲ್ಕೇ ದಿನ. ಹಿಂದಿನ ಬೆಳೆ ಮುಗಿದು ದೊಡ್ಡ ಕೋಣೆ ಖಾಲಿಯಾಗಿತ್ತು, ತೊಳೆದೂ ಆಗಿತ್ತು. ಆದರೆ ಆ ಪೆಟ್ಟಿಗೆ ಮಾತ್ರ ಹಾಗೇ ಗೋಡೆಯ ಮೇಲೆ ಊದುತ್ತಿತ್ತು, ಕೋಣೆ ಒಣಗಲಿ ಎಂದು ಸೊಣ್ಣಪ್ಪನೇ ಹಾಕಿಟ್ಟಿದ್ದರು.

ಶುಕ್ರವಾರ ಬೆಳಿಗ್ಗೆ ಸೊಣ್ಣಪ್ಪ ತಮ್ಮ ಸ್ವಂತ ಬೆಳೆಯ ರೇಷ್ಮೆ ಗೂಡು ತುಂಬಿಕೊಂಡು ದೇವನಹಳ್ಳಿ ಹತ್ತಿರದ ವಿಜಯಪುರದ ಮಾರುಕಟ್ಟೆಗೆ ಹೋದರು. ಅವರ ಸ್ಕೂಟರಿನ ಸದ್ದು ಅಡಗುವುದನ್ನೇ ಕಾಯುತ್ತಿದ್ದ ಪ್ರಮೋದಾ ಹಿತ್ತಲ ದಾರಿಯಿಂದ ಬಂದಳು.

"ನಂಗೆ ಭಯ ಆಗುತ್ತೆ ಕಣೇ" ಎಂದಳು ಕದಿರಮ್ಮ, ಬಾಗಿಲು ತೆಗೆಯುತ್ತಲೇ.

"ನಂಗೂ ಆಗುತ್ತೆ. ಸ್ಟೂಲು ಹಿಡ್ಕೋ ಬಾ."

ಪಡಸಾಲೆಯ ಗೋಡೆಯಲ್ಲಿದ್ದ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದಳು. ಪಕ್ಕದ ಬಿಳಿ ಫ್ಯೂಸನ್ನು ಒಣ ಬಟ್ಟೆಯಲ್ಲಿ ಹಿಡಿದು ಕಿತ್ತಳು. ಅದನ್ನು ಸೀರೆಯ ಸೊಂಟದ ಮಡಿಕೆಯಲ್ಲಿ ಸಿಕ್ಕಿಸಿ, ಸೆರಗು ಬಿಗಿದು ಕಟ್ಟಿದಳು. ಗಡಿಯಾರ ನೋಡಿ ಐದು ನಿಮಿಷ ಕಾದಳು. ಆ ಐದು ನಿಮಿಷದಲ್ಲಿ ಪಡಸಾಲೆಯನ್ನು ಎಷ್ಟು ಸಲ ಅಳೆದಳೋ, ಕದಿರಮ್ಮನಿಗೆ ನೋಡಿಯೇ ತಲೆ ತಿರುಗಿತು.

ಮುಚ್ಚಳ ಎತ್ತಿದರೆ ಜಾಲರಿ ಕಾಣಲೇ ಇಲ್ಲ. ಬೂದು ಬಣ್ಣದ ದಪ್ಪ ಕಂಬಳಿಯಂತೆ ಕಸ ಹಿಡಿದಿತ್ತು. ಅದನ್ನು ಮೆಲ್ಲಗೆ ಬಿಡಿಸಿ ಕೆಳಗೆ ಕೊಟ್ಟಳು. ನೀರಿನ ತಟ್ಟೆಯಲ್ಲಿ ಲೋಳೆ ನಿಂತಿತ್ತು, ಕೊಳವೆಯ ಬಾಯಿ ಪೂರ್ತಿ ಕಟ್ಟಿತ್ತು. ಒದ್ದೆ ಬಟ್ಟೆ ಸುತ್ತಿದ ಬೆರಳುಗಳನ್ನು ಗಾಳಿ ಬರುವ ಸಂದಿಯ ಅಂಚಿಗೆ ಹಾಕಿ ಒರೆಸತೊಡಗಿದಳು. ಬಟ್ಟೆ ಕಪ್ಪು ಹಸಿರಾಯಿತು. ಟಾರ್ಚು ಹಾಕಿ ಬಗ್ಗಿ ನೋಡಿದಳು. ಒಳಗಿನ ಡ್ರಮ್ಮಿನ ಒಂದೊಂದು ಎಲೆಯ ಮೇಲೂ ಬೂಷ್ಟು ರೋಮದಂತೆ ಬೆಳೆದಿತ್ತು.

ಅಷ್ಟರಲ್ಲಿ ಪಡಸಾಲೆಯಲ್ಲಿ 'ಟಕ್' ಎಂಬ ಸದ್ದಾಯಿತು.

ಅದು ಮೇನ್ ಸ್ವಿಚ್ಚು ಮೇಲಕ್ಕೆ ಹೋದ ಸದ್ದು. ಪ್ರಮೋದಾಳ ನಾಲ್ಕು ಬೆರಳು ಇನ್ನೂ ಸಂದಿಯಲ್ಲಿದ್ದವು. ಕರೆಂಟು ಬಂದ ಕೂಡಲೇ ತಾನಾಗಿಯೇ ತಿರುಗಲು ಶುರುಮಾಡುವಂತೆ ಆ ಮಿಷನ್ನನ್ನು ಇಡಲಾಗಿತ್ತು. ಅವಳಿಗೆ ಕೈ ಎಳೆದುಕೊಳ್ಳಲೂ ಆಗಲಿಲ್ಲ.

ಏನೂ ತಿರುಗಲಿಲ್ಲ. ಸೊಂಟದಲ್ಲಿ ಪಿಂಗಾಣಿ ತಣ್ಣಗೆ ಒತ್ತುತ್ತಿತ್ತು.

"ಯಾರದು ಮೇನ್ ಇಳಿಸಿದ್ದು?" ಎನ್ನುತ್ತಾ ಸೊಣ್ಣಪ್ಪ ಒಳಗೆ ಬಂದರು. ಮಾರುಕಟ್ಟೆಯಲ್ಲಿ ಅಂದು ಗೂಡು ಬೇಗ ಹರಾಜಾಗಿ ಹೋಗಿತ್ತು. ಸ್ಟೂಲಿನ ಮೇಲೆ ನಿಂತವಳನ್ನು ಕಂಡು ಅವರ ಮುಖ ಕೆಂಪಾಯಿತು. "ನಿಂಗೆ ಬರ್ಬೇಡ ಅಂದಿದ್ನಲ್ಲಮ್ಮಾ! ಅದರ ಹೊಟ್ಟೆ ಬಗೆದು ಹಾಕಿದ್ಯಲ್ಲ! ಇಳಿ ಕೆಳಗೆ!"

ಅವಳು ಇಳಿದಳು.

"ಅಣ್ಣಾ, ಈಗ ನೀವು ಸ್ವಿಚ್ ಹಾಕಿದ್ರಲ್ಲ, ನನ್ ಕೈ ಒಳಗಿತ್ತು."

ಸೊಣ್ಣಪ್ಪ ಪೆಟ್ಟಿಗೆ ನೋಡಿದರು, ಅವಳ ಕೈ ನೋಡಿದರು. "ಫ್ಯೂಸ್ ಎಲ್ಲಿ?" ಎಂದರು.

"ನನ್ ಹತ್ರ ಇದೆ."

"ಕೊಡಿಲ್ಲಿ."

"ಕೊಡಲ್ಲ. ಮೊದ್ಲು ಇದ್ನ ನೋಡಿ." ಕಪ್ಪು ಹಸಿರು ಬಟ್ಟೆಯನ್ನು ಅವರ ಮುಂದೆ ಬಿಡಿಸಿ ಹಿಡಿದಳು. "ಸತ್ತ ಹುಳದ ಮೇಲಿದ್ದ ಬೂಷ್ಟು ನೀವೇ ನೋಡಿದ್ರಲ್ಲ. ಇದೂ ಅದೇ ಅಲ್ವಾ? ಐದು ತಿಂಗಳಿಂದ ನಿಮ್ ಮಿಷನ್ನು ಇದನ್ನೇ ಹುಳದ ಮೇಲೆ ಊದ್ತಾ ಇದೆ. ನಾನು ಹೊರಗಾಗಿ ಒಳಗೆ ಬಂದೆ ಅಂದ್ರಿ. ಊರೆಲ್ಲ ಅದನ್ನೇ ಆಡ್ಕೊಂತಾ ಇದೆ. ಈಗ ಹೇಳಿ."

ಸೊಣ್ಣಪ್ಪ ಟಾರ್ಚು ಕೇಳಿದರು. ಭಾರೀ ಆಳು, ಸ್ಟೂಲು ಹತ್ತಿದಾಗ ಅದು ಕಿರುಗುಟ್ಟಿತು. ಬಹಳ ಹೊತ್ತು ಒಳಗೆ ನೋಡಿದರು. ಇಳಿದು ಬಂದವರು ಬಟ್ಟೆಯ ಕೊಳೆಯನ್ನು ಬೆರಳಲ್ಲಿ ಉಜ್ಜಿ ಮೂಸಿದರು. ನೇರ ಹೋಗಿ ಸ್ಕೂಟರ್ ಹತ್ತಿದರು. ಮಧ್ಯಾಹ್ನ ಮೂರಕ್ಕೆ ಹಿಂದೆ ಭೀಮರಾಜನನ್ನೂ ಅವನ ಚೀಲವನ್ನೂ ಕೂರಿಸಿಕೊಂಡೇ ವಾಪಸು ಬಂದರು.

ಭೀಮರಾಜ್ ಬಂದವನೇ ಫ್ಯೂಸ್ ಎಲ್ಲಿದೆ ಎಂದು ಕೇಳಿದ. ಪ್ರಮೋದಾ ಸೊಂಟ ಮುಟ್ಟಿ ತೋರಿಸಿದಳು. "ಹಂಗೇ ಇರ್ಲಿ" ಎಂದು ಕೆಲಸಕ್ಕೆ ಕೂತ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೋಣೆಯಲ್ಲಿ ಧೂಳು ಹಾರದಂತೆ ಪೆಟ್ಟಿಗೆಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಡ್ರಮ್ಮು ಬಿಚ್ಚಿ ಹೊಲದ ಅಂಚಿಗೆ ಒಯ್ದು ತೊಳೆದ. ಕೊಳವೆಯಿಂದ ಬಂದ ಲೋಳೆ ನೋಡಿ ಸೊಣ್ಣಪ್ಪ ಮುಖ ತಿರುಗಿಸಿದರು. ಎಲ್ಲ ಒಣಗಿದ ಮೇಲೆ ಜೋಡಿಸಿ, ಗಾಳಿಯ ಬಾಯನ್ನು ತಟ್ಟೆಗಳ ಕಡೆಯಿಂದ ಮೇಲಕ್ಕೆ ತಿರುಗಿಸಿದ. ಮಾರನೆಯ ದಿನ ಕೋಣೆಗೆ ಕ್ರಿಮಿ ಕೊಲ್ಲುವ ಫಾರ್ಮಲಿನ್ ಔಷಧಿ ಹೊಡೆಯುವಾಗ ಮಿಷನ್ ಆರಿಸಿ ಪ್ಲಾಸ್ಟಿಕ್ಕಿನಲ್ಲಿ ಪೂರ್ತಿ ಮುಚ್ಚಬೇಕೆಂದೂ ಹೇಳಿದ. ಇದುವರೆಗೆ ಔಷಧಿ ಹೊಡೆಯುವಾಗಲೂ ಅದು ಓಡುತ್ತಲೇ ಇತ್ತೆಂದು ಕೇಳಿ, "ತಾಮ್ರ ತಿಂದಾಕುತ್ತೆ ಗೌಡ್ರೇ ಆ ಹೊಗೆ" ಎಂದು ಬೈದಂತೆಯೇ ಹೇಳಿದ.

ಸೋಮವಾರ ಮೊಟ್ಟೆ ಒಡೆಯಿತು. ಪ್ರಮೋದಾಳನ್ನು ಬಾ ಎಂದು ಯಾರೂ ಕರೆಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅವಳು ಬಂದಳು. ಮೊದಲ ಜ್ವರಕ್ಕೆ ಹುಳು ಕೂತ ದಿನ ಅವಳಿಗೆ ಅನ್ನ ಸೇರಲಿಲ್ಲ. ತಟ್ಟೆಯಿಂದ ತಟ್ಟೆಗೆ, ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಓಡಾಡಿದಳು. ಮನೆಗೆ ಹೋದರೆ ಮತ್ತೆ ತಿರುಗಿ ಬಂದಳು. ಕದಿರಮ್ಮ ರೇಗಿ, "ನೀನು ನೋಡಿದ್ರೆ ಬೇಗ ಏಳ್ತಾವಾ? ಹೋಗಿ ಮಲ್ಕೋ" ಅಂದಳು. ಎದ್ದವು. ಅಲ್ಲೊಂದು ಇಲ್ಲೊಂದು ಸತ್ತಿದ್ದವು, ಪಡುವಣ ಸ್ಟ್ಯಾಂಡಿನ ಒಂದು ತಟ್ಟೆಯಲ್ಲಿ ಹತ್ತಿಪ್ಪತ್ತು. ಅಷ್ಟು ಯಾವ ಬೆಳೆಯಲ್ಲೂ ಇರುತ್ತದೆ. ಎರಡನೇ ಜ್ವರವೂ ದಾಟಿತು.

ಹುಳು ಒಯ್ಯಲು ಬೈಲಪ್ಪ ಬಂದ. ತಟ್ಟೆಗಳನ್ನು ಒಂದೊಂದಾಗಿ ನೋಡಿ, "ಈ ಸಲ ಚೆನ್ನಾಗವೆ. ಹೋದ್ಸಲ ಏನಾಗಿತ್ತು?" ಎಂದು ಕೇಳಿದ.

ಸೊಣ್ಣಪ್ಪ ಹೆಗಲ ಟವೆಲ್ಲು ಸರಿಮಾಡಿಕೊಂಡರು. ಇನ್ನೂ ನಾಲ್ಕೈದು ಜನ ರೈತರು ಅಲ್ಲಿದ್ದರು. "ಮಿಷನ್ನು ಕೊಳೆ ಹಿಡಿದಿತ್ತು. ತೊಳೀಬೇಕು ಅಂತ ಮೆಕ್ಯಾನಿಕ್ ಹೇಳಿದ್ದ, ನಾನೇ ತೊಳೆಸಲಿಲ್ಲ. ತಪ್ಪು ನಂದು. ಹೆಂಗಸರದೇನೂ ಇಲ್ಲ."

ಪ್ರಮೋದಾ ಸೊಪ್ಪು ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ಅವಳಿಗೆ ಖುಷಿಯಾಯಿತು ಎಂದು ಹೇಳಲಾರೆವು. ಬಾವಿಕಟ್ಟೆಗೆ ಕೆಟ್ಟ ಮಾತು ಹೋದಷ್ಟು ಬೇಗ ಒಳ್ಳೆಯ ಮಾತು ಹೋಗಲಿಲ್ಲ. ಅದಕ್ಕೆ ಆರು ತಿಂಗಳು ಹಿಡಿಯಿತು. ಆದರೆ ಅಂದು ಮಧ್ಯಾಹ್ನ ಎರಡು ಮುದ್ದೆ ಉಂಡಳೆಂದು ಕದಿರಮ್ಮ ಆಮೇಲೆ ಹೇಳುತ್ತಿದ್ದಳು.

ಅಲ್ಲಿಂದ ಮಿಷನ್ನಿನ ಜವಾಬ್ದಾರಿ ಅವಳದಾಯಿತು. ಭೀಮರಾಜ್ ಹೇಳಿದ್ದು ಹದಿನೈದು ದಿನ, ಅವಳು ಪ್ರತಿ ಭಾನುವಾರ ಜಾಲರಿ ತೊಳೆದು ನೆರಳಲ್ಲಿ ಒಣಗಿಸಿದಳು. ಬೆಳೆ ಬೆಳೆಯ ಮಧ್ಯೆ ಕೊಳವೆಗೆ ಚೊಂಬಿನಿಂದ ನೀರು ಬಿಟ್ಟು ಆ ಕಡೆ ಸಲೀಸಾಗಿ ಬೀಳುತ್ತದೆಯೇ ನೋಡಿದಳು. ಡಿಸೆಂಬರಿನ ಚಳಿಯಲ್ಲಿ ಮಿಷನ್ ಬಿಸಿ ಗಾಳಿ ಊದುವಾಗ ಹೊರಗಿನ ಪೆಟ್ಟಿಗೆಯ ಹಿಂದೆ ಹೂ ಮಂಜಿನಂತೆ ಬಿಳಿ ಕಟ್ಟಿತು. ಅವಳು ಗಾಬರಿಯಾಗಿ ಬಸ್ಸು ಹತ್ತಿ ಮತ್ತೆ ಹೊಸಕೋಟೆಗೆ ಹೋದಳು. ಅದು ತಾನೇ ಕರಗಿಸಿಕೊಳ್ಳುತ್ತದೆ, ಚಾಕು ಹಾಕಿ ಕೆರೆಯಬೇಡಿ, ಹತ್ತಿರ ಒರಗಿಸಿಟ್ಟ ಹಿಪ್ಪುನೇರಳೆ ಕಡ್ಡಿಯ ಕಂತೆ ತೆಗೆಯಿರಿ, ಅದಕ್ಕೆ ಉಸಿರಾಡಲು ಜಾಗ ಬೇಕು ಎಂದ ಭೀಮರಾಜ್. ಕಂತೆ ತೆಗೆದ ಮೇಲೆ ಸರಿಹೋಯಿತು. ಒಂದು ಸಲ ಪಕ್ಕದ ಊರಿನವರೊಬ್ಬರು ತಮ್ಮ ಮಿಷನ್ನಿಗೆ ಗ್ಯಾಸು ತುಂಬಿಸಿಕೊಡಲು ಅವಳನ್ನೇ ಕರೆದರು.

"ಅದು ನನ್ ಕೆಲಸ ಅಲ್ಲ. ಭೀಮಣ್ಣನ್ನ ಕರೀರಿ" ಎಂದಳು.

"ನಿಮಗೆ ಬರಲ್ವಾ?"

"ಬರಲ್ಲ. ಬರೋದು ಎಷ್ಟು, ಬರದೇ ಇರೋದು ಎಷ್ಟು ಅಂತ ಗೊತ್ತು."

ತೊಂಬತ್ತೊಂಬತ್ತರಲ್ಲಿ ವಿಜಯಪುರದ ಹತ್ತಿರ ಪಿಳ್ಳಮ್ಮ ಎಂಬ ರೈತ ಹೆಂಗಸು ಹೊಸದಾಗಿ ಚಾಕಿ ಮನೆ ಕಟ್ಟಿಸಿದಳು. ನಡೆಸಲು ಪ್ರಮೋದಾಳನ್ನು ಕೇಳಿದಳು. ಸೊಣ್ಣಪ್ಪ, "ಹೋಗ್ಬೇಡ ಕಣಮ್ಮಾ" ಅಂದರು, ಎರಡು ಸಲ ಮನೆಗೂ ಬಂದರು. ಆಂಜಿನಪ್ಪ, "ದಿನಾ ಎರಡು ಬಸ್ಸು ಬದಲಾಯಿಸ್ಬೇಕು, ಯೋಚನೆ ಮಾಡು" ಎಂದ. ಯೋಚಿಸಲು ಅವಳಿಗೆ ಎರಡು ದಿನ ಬೇಕಾಯಿತು. ಆ ಎರಡು ದಿನವೂ ಅವಳು ಅಂಗಳದಲ್ಲಿ ಓಡಾಡಿಕೊಂಡೇ ಇದ್ದಳು. ಮೂರನೇ ದಿನ ಬುತ್ತಿ ಕಟ್ಟಿಕೊಂಡು ಹೊರಟಳು.

ಹೊಸ ಕೋಣೆಗೆ ಮಿಷನ್ ಕೂರಿಸಲು ಭೀಮರಾಜನೇ ಬಂದಿದ್ದ. ಗೋಡೆಗೆ ತೂತು ಕೊರೆಯಲು ಗುರುತು ಹಾಕುತ್ತಿದ್ದವನನ್ನು ಪ್ರಮೋದಾ ತಡೆದಳು. ಒಂದು ಊದುಬತ್ತಿ ಹಚ್ಚಿ ಖಾಲಿ ಕೋಣೆಯ ನಾಲ್ಕು ಮೂಲೆಗೂ ತಿರುಗಿ, ಹೊಗೆ ಎತ್ತ ಹೋಗುತ್ತದೆ ನೋಡಿದಳು.

"ಇಲ್ಲಿ ಬೇಡ, ಗಾಳಿ ಸ್ಟ್ಯಾಂಡಿನ ನೆತ್ತಿಗೆ ಬರುತ್ತೆ. ಬಾಗಿಲ ಮೇಲೆ ಹಾಕು."

"ಅಲ್ಲಿ ಹಾಕಿದ್ರೆ ಪೈಪ್ ಉದ್ದ ಬೇಕಾಗುತ್ತೆ ಅಕ್ಕಾ. ಹೆಚ್ಚು ಕೆಲಸ."

"ಬೇಕಾಗ್ಲಿ. ಮತ್ತೆ ಅಷ್ಟು ಎತ್ತರಕ್ಕೆ ಬೇಡ. ಸ್ಟೂಲು ಹತ್ತಿದ್ರೆ ನನ್ ಕೈಗೆ ಎಟುಕ್ಬೇಕು. ಮೇನ್ ಸ್ವಿಚ್ಚು ಆಚೆ ಪಡಸಾಲೇಲಿ ಬೇಡ, ಇಲ್ಲೇ ಬಾಗಿಲ ಪಕ್ಕ ಇರ್ಲಿ. ಕೆಲಸ ಮಾಡೋರ ಕಣ್ಣಿಗೆ ಕಾಣೋ ಹಂಗೆ."

ಪಿಳ್ಳಮ್ಮ ಹೊಸ್ತಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು. "ಅವಳು ಹೇಳ್ದಂಗೆ ಮಾಡಪ್ಪಾ" ಎಂದಳು.

ಭೀಮರಾಜ್ ಹಳೆಯ ಗುರುತನ್ನು ಅಂಗೈಯಲ್ಲಿ ಒರೆಸಿ, ಏಣಿಯನ್ನು ಬಾಗಿಲ ಕಡೆಗೆ ಎಳೆದುಕೊಂಡ.